ನಿಮಗಿದು ಗೊತ್ತೆ? ಅಂಟು ಬೇಡದ ಹಲಗೆ

ಬೀರುವಿನ ಬೆನ್ನು, ಡ್ರಾಯರಿನ ತಳ, ಫ್ಲಶ್ ಬಾಗಿಲಿನ ಹೊದಿಕೆ, ಮಕ್ಕಳು ಪರೀಕ್ಷೆಗೆ ಒಯ್ಯುವ ಕಂದು ಪ್ಯಾಡ್: ಇವಕ್ಕೆಲ್ಲ ಬಳಕೆಯಾಗುವ ವಸ್ತು ಹಾರ್ಡ್‌ಬೋರ್ಡ್.

1924ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಲಾರೆಲ್ ಪಟ್ಟಣದಲ್ಲಿ ವಿಲಿಯಂ ಮೇಸನ್ ಇದರ ‘ಮೇಸನೈಟ್’ ವಿಧಾನವನ್ನು ರೂಪಿಸಿದರು. ಸಾಮಿಲ್‌ಗಳಲ್ಲಿ ವ್ಯರ್ಥವಾಗುತ್ತಿದ್ದ ಮರದ ಚೂರುಗಳನ್ನು ಭಾರೀ ಒತ್ತಡದ ಹಬೆಯಲ್ಲಿಟ್ಟು, ಒತ್ತಡವನ್ನು ಒಮ್ಮೆಲೇ ಸಡಿಲಿಸಿದರೆ ಅವು ಸಿಡಿದು ನಾರುನಾರಾಗುತ್ತವೆ. ಆ ಒದ್ದೆ ನಾರನ್ನು ಬಿಸಿ ಪ್ರೆಸ್‌ನಲ್ಲಿ ಒತ್ತಿದಾಗ ಮರದೊಳಗಿನ ಲಿಗ್ನಿನ್ ಮೆದುವಾಗಿ ನಾರುಗಳನ್ನು ಬೆಸೆಯುತ್ತದೆ. ಬೇರೆ ಅಂಟು ಬೇಕಿಲ್ಲ!

ಒಂದು ಮೈ ನುಣುಪು, ಇನ್ನೊಂದರಲ್ಲಿ ಜಾಲರಿಯ ಗುರುತು ಏಕೆ? ಒತ್ತುವಾಗ ನೀರು, ಆವಿ ಹೊರಹೋಗಲು ಅಡಿಯಲ್ಲಿ ತಂತಿ ಬಲೆ ಇಡುತ್ತಾರೆ.

ಮರದಂತೆ ಎಳೆಯ ದಿಕ್ಕಿಲ್ಲದ ಕಾರಣ ಇದು ಉದ್ದಕ್ಕೆ ಸೀಳುವುದಿಲ್ಲ. 3 ಮಿ.ಮೀ. ಹಾಳೆಯೂ ಗಟ್ಟಿ, ಬಾಗಿಸಿ ಕಮಾನಿನ ಆಕಾರಕ್ಕೂ ಹೊಂದಿಸಬಹುದು. ನುಣುಪು ಮೈಗೆ ಪೇಂಟ್ ಚೆನ್ನಾಗಿ ಕೂರುತ್ತದೆ.

ನೀರು ಮಾತ್ರ ಇದರ ವೈರಿ: ನೆನೆದರೆ ಅಂಚು ಉಬ್ಬುತ್ತದೆ. ಅಗಸೆ ಎಣ್ಣೆ ಹೀರಿಸಿ ಕಾಯಿಸಿದ ‘ಟೆಂಪರ್ಡ್’ ಬಗೆ ತೇವವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಆದರೂ ಬಚ್ಚಲು, ಸಿಂಕಿನ ಅಡಿಭಾಗಕ್ಕೆ ಇದನ್ನು ಬಳಸದಿರುವುದೇ ಲೇಸು.