ಡೀಸೆಲ್ ವಾಹನಗಳ ಹೊಗೆ ಮತ್ತು ಇಂಧನ ಸಿಂಪಡಣಾ ವ್ಯವಸ್ಥೆ

ಪ್ರಥಮ ನೋಂದಣಿಯ ದಿನಾಂಕದಿಂದ ಒಂದು ವರ್ಷ ಪೂರ್ಣಗೊಂಡ ಪ್ರತಿಯೊಂದು ಮೋಟಾರು ವಾಹನವೂ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರನ್ವಯ ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರವನ್ನು ಹೊಂದಿರತಕ್ಕದ್ದು. ಈ ಪ್ರಮಾಣಪತ್ರಕ್ಕಾಗಿ ತಪಾಸಣೆಗೆ ಬಂದ ಡೀಸೆಲ್ ವಾಹನವು ಅನುತ್ತೀರ್ಣವಾದಾಗ ಮಾಲೀಕರು ಇಂಧನದ ಗುಣಮಟ್ಟವನ್ನೋ ವಾಹನದ ವಯಸ್ಸನ್ನೋ ದೂರುವುದುಂಟು. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಹೊಗೆ ಹೆಚ್ಚುತ್ತದೆ. ಅದನ್ನು ಮೊದಲು ನೋಡುವುದು ಸೂಕ್ತ. ಆದರೆ ಅನೇಕ ವೇಳೆ ದೋಷವಿರುವುದು ಇಂಧನವನ್ನು ಸಿಲಿಂಡರಿನೊಳಕ್ಕೆ ಸಿಂಪಡಿಸುವ ವ್ಯವಸ್ಥೆಯಲ್ಲಿ.

ಪೆಟ್ರೋಲ್ ಎಂಜಿನ್ನಿನಲ್ಲಿರುವ ಸ್ಪಾರ್ಕ್ ಪ್ಲಗ್ ಡೀಸೆಲ್ ಎಂಜಿನ್ನಿನಲ್ಲಿ ಇರುವುದಿಲ್ಲ. ಪಿಸ್ಟನ್ನಿನ ಒತ್ತಡಕ್ಕೆ ಸಿಕ್ಕಿದ ಗಾಳಿಯ ಉಷ್ಣತೆಯು 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾದ ಗಾಳಿಗೆ ಇಂಜೆಕ್ಟರಿನ ಸೂಕ್ಷ್ಮ ರಂಧ್ರಗಳ ಮೂಲಕ ಬಂದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇಂಧನವು ಗಾಳಿಯೊಡನೆ ಬೆರೆಯಲು ದೊರೆಯುವ ಕಾಲ ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು. ಹನಿಗಳು ಸಣ್ಣವಾಗಿದ್ದರೆ ಅಷ್ಟರಲ್ಲೇ ಆವಿಯಾಗಿ ಬೆರೆಯುತ್ತವೆ. ನಾಝಲ್ ಸವೆದು ಅಥವಾ ಒತ್ತಡ ಕುಸಿದು ಹನಿಗಳು ದಪ್ಪವಾದಲ್ಲಿ, ಗಾಳಿ ಸಾಲದ ಎಡೆಗಳಲ್ಲಿ ಇಂಧನವು ಪೂರ್ಣವಾಗಿ ಉರಿಯದೆ ಮಸಿಯಾಗುತ್ತದೆ. ವಾಹನದ ಹಿಂದೆ ಕಾಣುವ ಕಪ್ಪು ಹೊಗೆ ಇದೇ. ಸಿಂಪಡಣೆ ಮುಗಿದ ಮೇಲೂ ನಾಝಲಿನ ತುದಿಯಿಂದ ಇಂಧನ ತೊಟ್ಟಿಕ್ಕುತ್ತಿದ್ದರೆ ಹೊಗೆಯ ಜೊತೆಗೆ ಉರಿಯದ ಹೈಡ್ರೋಕಾರ್ಬನ್‌ಗಳೂ ಹೊರಬೀಳುತ್ತವೆ.

ಸಿಂಪಡಣೆಯ ಕಾಲ, ಅಂದರೆ ಟೈಮಿಂಗ್, ಇದಕ್ಕಿಂತ ಸೂಕ್ಷ್ಮವಾದ ವಿಷಯ. ಇಂಧನವು ತುಸು ಬೇಗನೆ ಬಂದಲ್ಲಿ, ಹೊತ್ತಿಕೊಳ್ಳುವ ಮುನ್ನ ಹೆಚ್ಚು ಪ್ರಮಾಣದಲ್ಲಿ ಗಾಳಿಯೊಡನೆ ಬೆರೆತು ಒಮ್ಮೆಲೇ ಉರಿಯುತ್ತದೆ. ಹೊಗೆ ಕಡಿಮೆಯಾಗುತ್ತದೆ, ಆದರೆ ಜ್ವಾಲೆಯ ಉಷ್ಣತೆ ಏರಿ ಗಾಳಿಯಲ್ಲಿನ ಸಾರಜನಕವು ಆಮ್ಲಜನಕದೊಡನೆ ಕೂಡಿ ಸಾರಜನಕದ ಆಕ್ಸೈಡುಗಳು ಅಧಿಕವಾಗುತ್ತವೆ. ತಡವಾಗಿ ಬಂದಲ್ಲಿ ಈ ಆಕ್ಸೈಡುಗಳು ತಗ್ಗುತ್ತವೆ. ಹೊಗೆಯೂ ಇಂಧನದ ಖರ್ಚೂ ಏರುತ್ತವೆ. ಒಂದನ್ನು ಇಳಿಸಿದರೆ ಮತ್ತೊಂದು ಏಳುವ ಈ ತೊಡಕನ್ನು ಕೇವಲ ಟೈಮಿಂಗ್ ಬದಲಿಸಿ ಬಿಡಿಸಲಾಗದು.

ಕಾಮನ್ ರೈಲ್ ವ್ಯವಸ್ಥೆಯು ಈ ತೊಡಕನ್ನು ಬಹುಮಟ್ಟಿಗೆ ಸಡಿಲಿಸಿತು. ಇದರಲ್ಲಿ 1,600 ಬಾರ್ ಅಥವಾ ಅದಕ್ಕೂ ಮಿಗಿಲಾದ ಒತ್ತಡದ ಇಂಧನವು ಸದಾ ಸಿದ್ಧವಿದ್ದು, ಎಲೆಕ್ಟ್ರಾನಿಕ್ ಘಟಕದ ಆದೇಶದಂತೆ ಒಂದೇ ಆವರ್ತದಲ್ಲಿ ಹಲವು ಬಾರಿ ಸಿಂಪಡಿಸಲ್ಪಡುತ್ತದೆ. ಮುಖ್ಯ ಸಿಂಪಡಣೆಗೆ ಮುನ್ನ ನೀಡುವ ಅಲ್ಪ ಪ್ರಮಾಣವು ಉರಿಯುವಿಕೆಯ ಆರ್ಭಟವನ್ನು ತಗ್ಗಿಸುತ್ತದೆ. ನಂತರ ನೀಡುವ ಅಲ್ಪ ಪ್ರಮಾಣವು ಉಳಿದ ಮಸಿಯನ್ನು ಸುಡಲು ನೆರವಾಗುತ್ತದೆ. ಆದಾಗ್ಯೂ ಸಿಂಪಡಣೆಯೊಂದರಿಂದಲೇ ಎಲ್ಲವೂ ಸಾಧ್ಯವಾಗಲಿಲ್ಲ. ಭಾರತ್ ಸ್ಟೇಜ್ 4ರಲ್ಲಿ ಡೀಸೆಲ್ ಕಾರುಗಳಿಗೆ ಸಾರಜನಕದ ಆಕ್ಸೈಡುಗಳ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂ ಇದ್ದುದು, 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೊಂಡ ಭಾರತ್ ಸ್ಟೇಜ್ 6ರಲ್ಲಿ 80 ಮಿಲಿಗ್ರಾಂಗೆ ಇಳಿಯಿತು. ಇದನ್ನು ಪಾಲಿಸಲು ಹೊಗೆ ಕೊಳವೆಯಲ್ಲಿ ಮಸಿ ಶೋಧಕ ಮೊದಲಾದ ಸಾಧನಗಳೂ, 10 ಪಿಪಿಎಂ ಗಂಧಕದ ಡೀಸೆಲ್ಲೂ ಬೇಕಾದವು.

ತಪಾಸಣಾ ಕೇಂದ್ರದಲ್ಲಿ ನಡೆಯುವುದು ಹೊಗೆಯ ದಟ್ಟಣೆಯ ಅಳತೆ ಮಾತ್ರ. ನ್ಯೂಟ್ರಲ್ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಬೆಳಕಿನ ಹೀರಿಕೆಯ ಗುಣಾಂಕವನ್ನು ಅಳೆಯಲಾಗುತ್ತದೆ. ಭಾರತ್ ಸ್ಟೇಜ್ 4 ವಾಹನಗಳಿಗೆ ಮೀಟರಿಗೆ 1.62, ಅದಕ್ಕೂ ಹಿಂದಿನವುಗಳಿಗೆ 2.45 ಮಿತಿಯಾಗಿದೆ. ಸಾರಜನಕದ ಆಕ್ಸೈಡುಗಳು ಈ ಅಳತೆಗೆ ಸಿಗುವುದಿಲ್ಲ. ಹಳೆಯ ವಾಹನಗಳಲ್ಲಿ ತಪಾಸಣೆಯ ದಿನ ಪಂಪಿನ ಸ್ಕ್ರೂ ತಿರುಗಿಸಿ ಇಂಧನ ತಗ್ಗಿಸಿ, ಮರುದಿನ ಮೊದಲಿನಂತೆಯೇ ಮಾಡಿಕೊಳ್ಳುವ ರೂಢಿಯಿಂದ ಪ್ರಮಾಣಪತ್ರ ದೊರೆತೀತೇ ಹೊರತು ಸವೆದ ನಾಝಲ್ ಹಾಗೆಯೇ ಉಳಿಯುತ್ತದೆ, ಡೀಸೆಲ್ಲಿನ ವೆಚ್ಚವೂ ಸಹ.

ಆದ್ದರಿಂದ ಅನುತ್ತೀರ್ಣವಾದ ವಾಹನದ ಇಂಜೆಕ್ಟರುಗಳನ್ನು ಬಿಚ್ಚಿಸಿ, ಒತ್ತಡ, ಸಿಂಪಡಣೆಯ ಆಕಾರ ಹಾಗೂ ಸೋರಿಕೆಯನ್ನು ಪರೀಕ್ಷಾ ಯಂತ್ರದ ಮೇಲೆ ನೋಡಿಸತಕ್ಕದ್ದು. ಪಂಪಿನ ಟೈಮಿಂಗನ್ನು ತಯಾರಕರು ಸೂಚಿಸಿದ ಗುರುತಿಗೇ ಇರಿಸಿ, ನಂತರ ವಾಹನವನ್ನು ಮರುತಪಾಸಣೆಗೆ ಹಾಜರುಪಡಿಸಬಹುದು. ಪ್ರಮಾಣಪತ್ರದ ಅವಧಿಯು ಭಾರತ್ ಸ್ಟೇಜ್ 4 ಮತ್ತು 6ರ ವಾಹನಗಳಿಗೆ 12 ತಿಂಗಳು, ಹಿಂದಿನವುಗಳಿಗೆ 6 ತಿಂಗಳು.