ನಿಮಗಿದು ಗೊತ್ತೇ? ಸಲಿಂಗಪ್ರೇಮ ಮತ್ತು ಯುವಜನರ ಮನಸ್ಸು

● ದಕ್ಷಿಣ ಕೊರಿಯಾದಲ್ಲಿ 18ರಿಂದ 29 ವರ್ಷದವರಲ್ಲಿ ಶೇ 79 ಮಂದಿ ಸಲಿಂಗಪ್ರೇಮವನ್ನು ಸಮಾಜ ಒಪ್ಪಬೇಕು ಎನ್ನುತ್ತಾರೆ. 50 ದಾಟಿದವರಲ್ಲಿ ಹಾಗೆನ್ನುವವರು ಶೇ 23 ಮಾತ್ರ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ 34 ದೇಶಗಳಲ್ಲಿ ನಡೆಸಿದ ಸಮೀಕ್ಷೆಯ ಲೆಕ್ಕವಿದು.

● ಅದೇ ಸಮೀಕ್ಷೆಯಲ್ಲಿ ಭಾರತದ ಒಪ್ಪಿಗೆ ಶೇ 37. ಐದು ವರ್ಷ ಮೊದಲು ಅದು ಶೇ 15 ಇತ್ತು. ನಡುವೆ, 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ಸಾರಿತ್ತು. ತೀರ್ಪೊಂದೇ ಕಾರಣ ಎನ್ನಲಾಗದು. ಆದರೆ ಬಾಯಿಬಿಟ್ಟು ಮಾತಾಡುವ ಧೈರ್ಯ ಅದರಿಂದ ಬಂತು.

● ಹಾಗೆಂದು ಯುವಕರೆಲ್ಲ ಉದಾರಿಗಳೆಂದು ನಂಬಬೇಡಿ. 2016ರಲ್ಲಿ ಲೋಕನೀತಿ-ಸಿಎಸ್‌ಡಿಎಸ್ ಸಮೀಕ್ಷೆ 15ರಿಂದ 34 ವಯಸ್ಸಿನ ಭಾರತೀಯರನ್ನು ಕೇಳಿದಾಗ ಶೇ 61 ಮಂದಿ ಸಲಿಂಗಪ್ರೇಮ ತಪ್ಪು ಎಂದಿದ್ದರು.

● ಪ್ಯೂ ಸಮೀಕ್ಷೆಯ ಪ್ರಕಾರ, ಓದು ಹೆಚ್ಚಿದಂತೆ ಒಪ್ಪಿಗೆ ಹೆಚ್ಚು. ಧರ್ಮವೇ ಬದುಕಿನಲ್ಲಿ ಮುಖ್ಯ ಎನ್ನುವವರಲ್ಲಿ ಕಡಿಮೆ. ಹಲವು ದೇಶಗಳಲ್ಲಿ ಗಂಡಸರಿಗಿಂತ ಹೆಂಗಸರ ಮನಸ್ಸು ಮೆದು.

● 2014ರ ಡಿಸೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲೊಂದು ಪ್ರಬಂಧ ಬಂತು. ಮನೆಬಾಗಿಲಿಗೆ ಬಂದ ಗೇ ವ್ಯಕ್ತಿಯೊಡನೆ ಸ್ವಲ್ಪ ಹೊತ್ತು ಮಾತಾಡಿದರೆ ಸಲಿಂಗ ವಿವಾಹದ ವಿರೋಧ ಕರಗುತ್ತದೆ ಎಂದಿತು ಅದು. ಡೇವಿಡ್ ಬ್ರೂಕ್‌ಮನ್, ಜೋಶುವಾ ಕಲ್ಲಾ ಎಂಬ ಯುವ ಸಂಶೋಧಕರು ಅದೇ ಬಗೆಯ ಅಧ್ಯಯನಕ್ಕೆ ಹೊರಟಾಗ ಪ್ರಬಂಧದ ಅಂಕಿಅಂಶಗಳ ಮೇಲೆ ಅನುಮಾನ ಬಂತು. 2015ರ ಮೇ ತಿಂಗಳಲ್ಲಿ ಪ್ರಬಂಧವನ್ನು ಹಿಂಪಡೆಯಲಾಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ. ಮಯಾಮಿಯಲ್ಲಿ ಟ್ರಾನ್ಸ್‌ಜೆಂಡರ್ ಜನರ ಬಗೆಗಿನ ಅಭಿಪ್ರಾಯವನ್ನು ನಿಜವಾಗಿ ಅಳೆದರು. ಸ್ವಯಂಸೇವಕರು ಬಾಗಿಲು ತಟ್ಟಿ, ಬೇರೆ ಥರ ಇದ್ದೀರೆಂದು ನಿಮ್ಮನ್ನೂ ಯಾರಾದರೂ ಕೀಳಾಗಿ ಕಂಡದ್ದುಂಟೇ ಎಂದು ಕೇಳಿದರು, ಹೇಳಿದ್ದಕ್ಕೆ ಕಿವಿಗೊಟ್ಟರು. ಹತ್ತು ನಿಮಿಷದ ಆ ಮಾತುಕತೆಯ ಪರಿಣಾಮ ಮೂರು ತಿಂಗಳ ನಂತರವೂ ಉಳಿದಿತ್ತು. ಮಾತಾಡಿಸಿದವರು ಟ್ರಾನ್ಸ್‌ಜೆಂಡರ್ ಆಗಿರಲೇಬೇಕೆಂದೂ ಇರಲಿಲ್ಲ. ನನ್ನ ಮಟ್ಟಿಗೆ ಈ ಅಂಕಣದ ಅತಿ ಮುಖ್ಯ ಸಂಗತಿ ಇದೇ.

● ಗೇ ವ್ಯಕ್ತಿಗಳು ಎದುರಿಗೆ ಸಿಗದಿದ್ದರೆ ಟಿವಿಯೂ ಆದೀತು. ಗೇ ಪಾತ್ರಗಳಿದ್ದ ‘ವಿಲ್ ಆ್ಯಂಡ್ ಗ್ರೇಸ್’ ಧಾರಾವಾಹಿಯನ್ನು ಹೆಚ್ಚು ನೋಡುವ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಪೂರ್ವಗ್ರಹ ಕಡಿಮೆ ಎಂದು 2006ರ ಅಧ್ಯಯನವೊಂದು ಕಂಡುಕೊಂಡಿತು. ಗೇ ಪರಿಚಯಸ್ಥರು ಕಡಿಮೆ ಇದ್ದವರಲ್ಲಿ ಈ ನಂಟು ಇನ್ನೂ ಗಟ್ಟಿ.

● ಕನ್ನಡ ಓದುಗರಿಗೆ ಗೇ ಪಾತ್ರಗಳ ಪರಿಚಯ ಮಾಡಿಕೊಟ್ಟವರಲ್ಲಿ ಕಥೆಗಾರ ವಸುಧೇಂದ್ರ ಒಬ್ಬರು. ಅವರ ‘ಮೋಹನಸ್ವಾಮಿ’ ಕಥಾಸಂಕಲನ ಬಂದದ್ದು 2013ರಲ್ಲಿ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ ಅದೇ ವರ್ಷ.

● ಸಲಿಂಗಪ್ರೇಮ ಕಾಯಿಲೆಯಲ್ಲವೆಂದು ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಒಪ್ಪಿತು. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 1990ರ ಮೇ 17ರಂದು.

● ನ್ಯಾಯಾಧೀಶರ ಮನಸ್ಸೂ ಬದಲಾಗುತ್ತದೆ. ಮನೆಯವರ ವಿರೋಧಕ್ಕೆ ಹೆದರಿ ಮಧುರೈಯಿಂದ ಚೆನ್ನೈಗೆ ಬಂದ ಇಬ್ಬರು ಯುವತಿಯರು ರಕ್ಷಣೆ ಕೋರಿದಾಗ, ಮದ್ರಾಸ್ ಹೈಕೋರ್ಟ್‌ನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ತಮ್ಮಲ್ಲೇ ಪೂರ್ವಗ್ರಹವಿದೆಯೆಂದು ಒಪ್ಪಿಕೊಂಡು, ಮನಃಶಾಸ್ತ್ರಜ್ಞೆಯ ಮುಂದೆ ಕುಳಿತು ಪಾಠ ಕೇಳಿದರು. ಹೆತ್ತವರನ್ನೂ ಆಪ್ತಸಮಾಲೋಚನೆಗೆ ಕಳುಹಿಸಿದ್ದರು. 2021ರ ಜೂನ್ 7ರ ಆದೇಶದಲ್ಲಿ, ಸಲಿಂಗಿಗಳನ್ನು ‘ಸರಿಪಡಿಸುವ’ ಚಿಕಿತ್ಸೆಗೆ ನಿಷೇಧ ಹೇರಿದರು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅಂಥ ಚಿಕಿತ್ಸೆಯನ್ನು ವೈದ್ಯರ ವೃತ್ತಿ ದುರ್ನಡತೆಯೆಂದು ಘೋಷಿಸಿತು.