ಪದಕ್ಕೆ ಬಾಲ ಬಂದಾಗ

2016ರ ಆರಂಭದ ದಿನಗಳು. ಉತ್ತರ ಇಟಲಿಯ ಫೆರ್ರಾರ ಪ್ರಾಂತ್ಯದ ಕೊಪ್ಪಾರೊ ಎಂಬ ಪುಟ್ಟ ಊರಿನ ಪ್ರಾಥಮಿಕ ಶಾಲೆಯಲ್ಲಿ ವ್ಯಾಕರಣದ ಪಾಠ ನಡೆದಿತ್ತು. ಹೂವನ್ನು ವರ್ಣಿಸುವ ಗುಣವಾಚಕಗಳನ್ನು ಬರೆಯಿರಿ ಎಂದು ಉಪಾಧ್ಯಾಯಿನಿ ಮಕ್ಕಳಿಗೆ ಹೇಳಿದ್ದರು. ಬಾಲಕನೊಬ್ಬ ‘ಪರಿಮಳದ’ ಎಂಬ ಅರ್ಥದ ಪದದ ಜೊತೆಗೆ ‘ಪೆತಲೋಸೊ’ ಎಂದೂ ಬರೆದ. ಅಂಥ ಪದ ನಿಘಂಟಿನಲ್ಲಿ ಇರಲಿಲ್ಲ. ಉಪಾಧ್ಯಾಯಿನಿ ಅದನ್ನು ತಪ್ಪೆಂದು ಗುರುತು ಮಾಡಿದರು. ಆದರೆ ಚೆಂದದ ತಪ್ಪು ಎಂದೂ ಮೆಚ್ಚಿದರು. ಅಷ್ಟಕ್ಕೇ ಬಿಡದೆ, ಈ ಪದ ಸರಿಯೋ ಅಲ್ಲವೋ ನೀವೇ ಹೇಳಿ ಎಂದು ಫ್ಲಾರೆನ್ಸಿನ ‘ಅಕಾದೇಮಿಯ ದೆಲ್ಲ ಕ್ರೂಸ್ಕ’ಕ್ಕೆ ಪತ್ರ ಬರೆಸಿದರು.

ಈ ಅಕಾಡೆಮಿ ಸಾಮಾನ್ಯ ಸಂಸ್ಥೆಯಲ್ಲ. 1583ರಲ್ಲಿ ಸ್ಥಾಪನೆಯಾಗಿ, 1612ರಲ್ಲಿ ಇಟಾಲಿಯನ್ ಭಾಷೆಯ ಮೊದಲ ಮಹಾನಿಘಂಟನ್ನು ಹೊರತಂದ ಕೀರ್ತಿ ಇದರದು. ‘ಕ್ರೂಸ್ಕ’ ಎಂದರೆ ಗೋಧಿಯ ಹೊಟ್ಟು. ಹಿಟ್ಟಿನಿಂದ ಹೊಟ್ಟನ್ನು ಬೇರ್ಪಡಿಸುವಂತೆ ಒಳ್ಳೆಯ ಭಾಷೆಯನ್ನು ಸೋಸಿ ತೆಗೆಯುವುದು ತಮ್ಮ ಕೆಲಸವೆಂದು ಅದರ ಸ್ಥಾಪಕರು ಭಾವಿಸಿದ್ದರು. ಜರಡಿಯೇ ಅದರ ಲಾಂಛನ. ಇಂಥ ಸಂಸ್ಥೆ ಶಾಲಾ ಬಾಲಕನ ಪ್ರಶ್ನೆಗೆ ಗಂಭೀರವಾಗಿಯೇ ಉತ್ತರಿಸಿತು. ನಿನ್ನ ಪದ ವ್ಯಾಕರಣಬದ್ಧವಾಗಿದೆ, ಅರ್ಥವೂ ಸ್ಪಷ್ಟವಾಗಿದೆ. ಆದರೆ ಅದು ನಿಘಂಟಿಗೆ ಸೇರಬೇಕಾದರೆ ನೀನೊಬ್ಬ ಬಳಸಿದರೆ ಸಾಲದು, ಅನೇಕರು ಬಳಸಬೇಕು ಎಂಬುದು ಆ ಉತ್ತರದ ಸಾರಾಂಶ.

ಬಾಲಕ ಮಾಡಿದ್ದೇನು? ‘ಪೇತಲೊ’ ಎಂದರೆ ಹೂವಿನ ಎಸಳು. ‘ಓಸೊ’ ಎಂಬ ಪ್ರತ್ಯಯಕ್ಕೆ ‘ತುಂಬಿರುವ’ ಎಂಬ ಅರ್ಥ. ಧೈರ್ಯಕ್ಕೆ ‘ಕೊರಾಜ್ಜೊ’, ಧೈರ್ಯವಂತನಿಗೆ ‘ಕೊರಜ್ಜೋಸೊ’. ಕೂದಲಿಗೆ ‘ಪೇಲೊ’, ಮೈತುಂಬ ಕೂದಲಿರುವವನಿಗೆ ‘ಪೆಲೋಸೊ’. ಇದೇ ದಾರಿ ಹಿಡಿದು ಎಸಳು ತುಂಬಿದ ಹೂವು ‘ಪೆತಲೋಸೊ’ ಆಯಿತು. ಯಾರೂ ಕಲಿಸದ ಪದವನ್ನು ಮಗು ಕಟ್ಟಿತು. ಕೇಳಿದವರಿಗೆಲ್ಲ ಅದು ಅರ್ಥವೂ ಆಯಿತು. ಭಾಷೆ ಬಲ್ಲವನೆಂದರೆ ಪದಗಳನ್ನು ಬಾಯಿಪಾಠ ಮಾಡಿದವನಲ್ಲ, ಅವುಗಳನ್ನು ಕಟ್ಟುವ ಹದ ತಿಳಿದವನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕಟ್ಟುವಾಗ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಟಾಲಿಯನ್ ಭಾಷೆಯ ಸ್ವಂತ ಪದಗಳು ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುತ್ತವೆ. ಈ ಬಗೆಯ ಪ್ರತ್ಯಯಗಳೂ ಸಾಮಾನ್ಯವಾಗಿ ಸ್ವರದಿಂದಲೇ ಆರಂಭವಾಗುತ್ತವೆ. ಎರಡು ಸ್ವರಗಳು ಎದುರಾದಾಗ ಮೊದಲನೆಯದು ಬಿದ್ದುಹೋಗುತ್ತದೆ. ಉಳಿದ ವ್ಯಂಜನ ಮುಂದಿನ ಸ್ವರವನ್ನು ಹಿಡಿದುಕೊಳ್ಳುತ್ತದೆ. ಊರು, ಅಲ್ಲಿ ಎರಡೂ ಸೇರಿ ‘ಊರಲ್ಲಿ’ ಆಗುವ ಲೋಪಸಂಧಿಯನ್ನು ಶಾಲೆಯಲ್ಲಿ ಕಲಿತ ಕನ್ನಡಿಗರಿಗೆ ಇದು ಹೊಸದಲ್ಲ. ಅರ್ಥದ ದೃಷ್ಟಿಯಿಂದ ಕತ್ತರಿಸಿದರೆ ‘ಪೆತಲ್’ ಒಂದು ಕಡೆ, ‘ಓಸೊ’ ಇನ್ನೊಂದು ಕಡೆ. ಬಾಯಲ್ಲಿ ಹೇಳುವಾಗ ಮಾತ್ರ ಅದು ‘ಪೆ-ತ-ಲೋ-ಸೊ’. ಬೆಸುಗೆ ಬಿದ್ದ ಜಾಗ ಉಚ್ಚಾರಣೆಯ ತುಣುಕಿನೊಳಗೆ ಅಡಗಿಹೋಗಿದೆ. ಅರ್ಥದ ಗರಗಸ ಒಂದು ಕಡೆ ಕತ್ತರಿಸಿದರೆ ನಾಲಿಗೆಯ ಗರಗಸ ಇನ್ನೊಂದು ಕಡೆ ಕತ್ತರಿಸುತ್ತದೆ. ಹೊಸ ಪದ ತೇಪೆ ಹಾಕಿದಂತೆ ಕಾಣದೆ ಹುಟ್ಟಿದಾಗಿನಿಂದ ಹಾಗೆಯೇ ಇದ್ದಂತೆ ಕೇಳಿಸುವುದು ಇದರಿಂದಲೇ.

ನಾಲಿಗೆ ಕತ್ತರಿಸುವ ಈ ತುಣುಕುಗಳಿಗೆ, ಎಂದರೆ ಸಿಲಬಲ್‌ಗಳಿಗೆ, ನಿಯಮಗಳುಂಟು. ಇಟಲಿಯ ಮಕ್ಕಳು ಓದು ಕಲಿಯುವಾಗಲೇ ಇವನ್ನು ಕಲಿಯುತ್ತಾರೆ. ಸಾಲಿನ ಕೊನೆಯಲ್ಲಿ ಪದವನ್ನು ಒಡೆಯಬೇಕಾದಾಗ ಇವೇ ಆಧಾರ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ ಸೇರುತ್ತದೆ: ಮನೆಗೆ ‘ಕಾ-ಸ’. ವ್ಯಂಜನ ಒತ್ತಿ ಬಂದರೆ ನಡುವೆ ಒಡೆಯಬೇಕು: ರಾತ್ರಿಗೆ ‘ನೊತ್-ತೆ’. ರ, ಲ, ಮ, ನ ಇವುಗಳ ನಂತರ ಬೇರೆ ವ್ಯಂಜನ ಬಂದರೂ ಹಾಗೆಯೇ: ಬಾಗಿಲಿಗೆ ‘ಪೊರ್-ತ’. ಆದರೆ ಬ, ತ, ಪ ಮುಂತಾದವುಗಳ ನಂತರ ರಕಾರವೋ ಲಕಾರವೋ ಬಂದರೆ ಜೋಡಿ ಒಡೆಯುವುದಿಲ್ಲ: ಪುಸ್ತಕಕ್ಕೆ ‘ಲೀ-ಬ್ರೊ’. ಈ ವಿಭಜನೆ ಬರಿಯ ಬರವಣಿಗೆಯ ಶಿಸ್ತಲ್ಲ. ಅರ್ಥವೇ ಅದರ ಮೇಲೆ ನಿಂತಿರುತ್ತದೆ. ‘ನೋ-ನೊ’ ಎಂದರೆ ಒಂಬತ್ತನೆಯದು, ‘ನೊನ್-ನೊ’ ಎಂದರೆ ಅಜ್ಜ. ಹಳಿಗೂ ಹಳ್ಳಿಗೂ ಇರುವ ವ್ಯತ್ಯಾಸ ಬಲ್ಲ ನಮಗೆ ಇದನ್ನು ವಿವರಿಸಬೇಕಿಲ್ಲ.

ತಕರಾರು ಇರುವುದು ಸಕಾರದಲ್ಲಿ. ಸಕಾರದ ನಂತರ ಇನ್ನೊಂದು ವ್ಯಂಜನ ಬಂದರೆ ಎರಡನ್ನೂ ಒಟ್ಟಿಗೆ ಮುಂದಕ್ಕೆ ತಳ್ಳಬೇಕು ಎನ್ನುತ್ತದೆ ಶಾಲೆಯ ನಿಯಮ. ಅದರಂತೆ ನಾವು ಪಾಸ್ತಾ ಎನ್ನುವ ತಿನಿಸು ‘ಪ-ಸ್ತ’; ‘ಪಸ್-ತ’ ಎಂದು ಒಡೆದರೆ ತಪ್ಪು. ಧ್ವನಿಶಾಸ್ತ್ರಜ್ಞರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಅವರ ವಾದ ಹೀಗೆ: ಇಟಾಲಿಯನ್‌ನಲ್ಲಿ ಒತ್ತು ಬಿದ್ದ ಸಿಲಬಲ್ ಪದದ ನಡುವೆ ಸ್ವರದಲ್ಲೇ ಮುಗಿದರೆ ಆ ಸ್ವರ ದೀರ್ಘವಾಗುತ್ತದೆ; ‘ಕಾಸ’ದ ಮೊದಲ ಸ್ವರ ದೀರ್ಘವಾಗಿರುವುದು ಹಾಗೆ. ಇಟಾಲಿಯನ್ನರ ಬಾಯಲ್ಲಿ ಪಾಸ್ತಾದ ಮೊದಲ ಸ್ವರ ಹ್ರಸ್ವವಾಗಿಯೇ ಉಳಿಯುತ್ತದೆ. ಅಂದಮೇಲೆ ಸಕಾರ ಹಿಂದಿನ ಸಿಲಬಲ್ಲನ್ನು ಮುಚ್ಚಿದೆ ಎಂದೇ ಅರ್ಥ. ಈ ಜಗಳದಲ್ಲಿ ಕನ್ನಡ ಎರಡೂ ಪಕ್ಷಗಳಿಗೆ ಸಾಕ್ಷಿ ಹೇಳೀತು. ನಮ್ಮ ಲಿಪಿ ‘ಸ್ತ’ವನ್ನು ಒಂದೇ ಅಕ್ಷರವಾಗಿ ಬರೆದು ಶಾಲೆಯ ಮೇಷ್ಟರ ಪರ ನಿಲ್ಲುತ್ತದೆ. ನಮ್ಮ ಛಂದಸ್ಸು ಮಾತ್ರ ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರು ಎಂದು ಎಣಿಸಿ ಧ್ವನಿಶಾಸ್ತ್ರಜ್ಞರ ಪರ ನಿಲ್ಲುತ್ತದೆ. ಕಣ್ಣಿನ ಲೆಕ್ಕ ಬೇರೆ, ಕಿವಿಯ ಲೆಕ್ಕ ಬೇರೆ.

ಪ್ರತ್ಯಯ ಬಂದು ಸೇರಿದಾಗ ಈ ಒತ್ತು ಕೂಡ ಜಾಗ ಬದಲಿಸುತ್ತದೆ. ‘ಪೇತಲೊ’ದಲ್ಲಿ ಮೊದಲ ಅಕ್ಷರಕ್ಕಿದ್ದ ದೀರ್ಘ ‘ಪೆತಲೋಸೊ’ದಲ್ಲಿ ಪ್ರತ್ಯಯಕ್ಕೆ ವರ್ಗವಾಗಿದೆ. ‘ಕಾಸ’ ಮನೆಯಾದರೆ ‘ಕಸೀನ’ ಪುಟ್ಟ ಮನೆ. ಹೊಸದಾಗಿ ಬಂದ ಬಾಲವೇ ಪದದ ದನಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದು ನ್ಯಾಯವೇ, ಏಕೆಂದರೆ ಮಾತಾಡುವವನ ಮನಸ್ಸು ಹಲವು ವೇಳೆ ಆ ಬಾಲದಲ್ಲೇ ಇರುತ್ತದೆ.

ಇದಕ್ಕೆ ಪತ್ರಿಕೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ದಿನಪತ್ರಿಕೆಗೆ ‘ಜೊರ್ನಾಲೆ’ ಎನ್ನುತ್ತಾರೆ. ಅದಕ್ಕೆ ಬರೆಯುವವನು ‘ಜೊರ್ನಲಿಸ್ತ’, ಅದನ್ನು ಮಾರುವವನು ‘ಜೊರ್ನಲಾಯೊ’. ಇವೆರಡೂ ವೃತ್ತಿಯನ್ನು ಹೇಳುವ ಪ್ರತ್ಯಯಗಳು. ನಮ್ಮ ‘ಗಾರ’, ‘ಇಗ’ಗಳಂತೆ. ಮಕ್ಕಳು ಓದುವ ಪುಟ್ಟ ಪತ್ರಿಕೆ ‘ಜೊರ್ನಲೀನೊ’. ಓದಿ ಸಿಟ್ಟು ಬಂದು ಮೂಲೆಗೆಸೆಯಬೇಕೆನಿಸುವ ಪತ್ರಿಕೆ ‘ಜೊರ್ನಲಾಚ್ಚೊ’. ದೊಡ್ಡಸ್ತಿಕೆಯ ಪತ್ರಿಕೆಯನ್ನು ಗೇಲಿ ಮಾಡಬೇಕಾದರೆ ‘ಜೊರ್ನಲೋನೆ’. ಕಾಗದ, ಪುಟ, ಬೆಲೆ ಯಾವುದೂ ಬದಲಾಗಿಲ್ಲ. ಓದುಗನ ಅಭಿಪ್ರಾಯ ಬದಲಾಗಿದೆ. ಈನೊ, ಎತ್ತೊ ಎಂಬವು ಕಿರಿದೆಂದಾಗಲಿ ಮುದ್ದೆಂದಾಗಲಿ ಹೇಳಿದರೆ, ಓನೆ ಹಿರಿದೆನ್ನುತ್ತದೆ, ಆಚ್ಚೊ ಕೆಟ್ಟದ್ದೆನ್ನುತ್ತದೆ. ಕ್ಷಣಕ್ಕೆ ‘ಮೊಮೆಂತೊ’ ಎನ್ನುವ ಜನ ಯಾರನ್ನಾದರೂ ಕಾಯಲು ಹೇಳುವಾಗ ‘ಮೊಮೆಂತೀನೊ’ ಎನ್ನುತ್ತಾರೆ. ಕಾಯಬೇಕಾದ ಹೊತ್ತು ಅದರಿಂದ ಕಡಿಮೆಯಾಗುವುದಿಲ್ಲ, ಮಾತು ಮೆತ್ತಗಾಗುತ್ತದೆ. ‘ಒಂಚೂರು ತಡೀರಿ’ ಎಂದಾಗ ನಾವು ಮಾಡುವುದೂ ಇದನ್ನೇ.

ಹಿರಿದು ಕಿರಿದುಗಳನ್ನು ಕನ್ನಡ ಪದದ ತಲೆಗೆ ಕಟ್ಟುತ್ತದೆ: ಹೆಬ್ಬೆರಳು, ಕಿರುಬೆರಳು. ಇಟಾಲಿಯನ್ ಅದನ್ನು ಬಾಲಕ್ಕೆ ಕಟ್ಟುತ್ತದೆ. ನಮ್ಮ ಹೆಬ್ಬಾಗಿಲು ಅವರಿಗೆ ‘ಪೊರ್ತೋನೆ’. ಬಾಲಕ್ಕೆ ಕಟ್ಟುವುದರಿಂದ ಇನ್ನೊಂದು ಚೋದ್ಯವೂ ನಡೆಯುತ್ತದೆ. ‘ಪೊರ್ತ’ ಸ್ತ್ರೀಲಿಂಗ, ‘ಪೊರ್ತೋನೆ’ ಪುಲ್ಲಿಂಗ. ಬಾಗಿಲು ದೊಡ್ಡದಾದ ಕೂಡಲೇ ಗಂಡಾಯಿತು!

ಬಾಲಕ್ಕೆ ಬಾಲ ಸೇರುವುದೂ ಉಂಟು. ‘ವಿಯೋಲ’ ಎಂಬುದು ಒಂದು ತಂತಿವಾದ್ಯ. ಅದರ ಕಿರಿಯ ರೂಪ ‘ವಿಯೊಲೀನೊ’, ನಮ್ಮ ಕಛೇರಿಗಳ ಪಿಟೀಲು. ಹಿರಿಯ ರೂಪ ‘ವಿಯೊಲೋನೆ’. ಈ ಹಿರಿಯದರ ಕಿರಿಯ ರೂಪ ‘ವಿಯೊಲೊಂಚೆಲ್ಲೊ’, ಎಂದರೆ ‘ಚಿಕ್ಕ ದೊಡ್ಡ ವಿಯೋಲ’. ಇಷ್ಟುದ್ದದ ಹೆಸರನ್ನು ಹೇಳಲಾರದೆ ಜಗತ್ತು ಅದನ್ನು ‘ಚೆಲ್ಲೊ’ ಎಂದು ಮೊಟಕುಗೊಳಿಸಿತು. ಮೂಲಪದ ಪೂರ್ತಿ ಮಾಯವಾಗಿ ಬರಿಯ ಪ್ರತ್ಯಯವೇ ವಾದ್ಯದ ಹೆಸರಾಗಿ ಉಳಿಯಿತು. ಶಾವಿಗೆಯ ಪೊಟ್ಟಣದ ಮೇಲೆ ಕಾಣುವ ವರ್ಮಿಸೆಲ್ಲಿ ಎಂಬ ಹೆಸರಿನ ತುದಿಯಲ್ಲಿರುವುದೂ ಇದೇ ಪ್ರತ್ಯಯದ ಬಹುವಚನ. ಆ ಪದದ ಅರ್ಥ ‘ಪುಟ್ಟ ಹುಳುಗಳು’. ಪಾಯಸ ಬಡಿಸುವಾಗ ಹೇಳದಿರುವುದು ಲೇಸು. ‘ಸ್ಪಾಗೊ’ ಎಂಬ ಹುರಿಯ ಪುಟ್ಟ ರೂಪ ಸ್ಪಗೆತ್ತಿ. ಗೋವಾಕ್ಕೆ ಹೋದವರು ಕಾಣುವ ಕ್ಯಾಸಿನೊ ಕೂಡ ಮೂಲದಲ್ಲಿ ‘ಕಾಸ’ದ ಪುಟ್ಟ ರೂಪವೇ, ಅಲ್ಲಿ ಮನೆಯನ್ನೇ ಕಳೆದುಕೊಂಡವರಿಗೆ ಇದು ತಿಳಿದಿರಲಿಕ್ಕಿಲ್ಲ.

ಹಾಗೆಂದು ಬಾಲ ಕಂಡಲ್ಲೆಲ್ಲ ಪ್ರತ್ಯಯವಿದೆಯೆಂದು ನಂಬಿದರೆ ಮೋಸ ಹೋಗುತ್ತೇವೆ. ‘ಮತ್ತೊ’ ಎಂದರೆ ಹುಚ್ಚ. ‘ಮತ್ತೋನೆ’ ಎಂದರೆ ದೊಡ್ಡ ಹುಚ್ಚನಲ್ಲ, ಇಟ್ಟಿಗೆ. ‘ತಕ್ಕೊ’ ಪಾದರಕ್ಷೆಯ ಹಿಮ್ಮಡಿ; ‘ತಕ್ಕೀನೊ’ ಚಿಕ್ಕ ಹಿಮ್ಮಡಿಯಲ್ಲ, ಟರ್ಕಿ ಕೋಳಿ. ಯಾವ ಪದಕ್ಕೆ ಯಾವ ಬಾಲ ಒಗ್ಗುತ್ತದೆ ಎಂಬುದನ್ನು ನಿಯಮ ಅರ್ಧ ಹೇಳಿದರೆ ರೂಢಿ ಉಳಿದರ್ಧ ಹೇಳುತ್ತದೆ.

ಮನುಷ್ಯರ ಹೆಸರಿಗೂ ಈ ಬಾಲಗಳು ಅಂಟಿಕೊಂಡಿವೆ. ಹದಿನೈದನೆಯ ಶತಮಾನದ ಫ್ಲಾರೆನ್ಸಿನ ಬ್ರಂಕಾಚ್ಚಿ ಪೂಜಾಗೃಹದ ಭಿತ್ತಿಚಿತ್ರಗಳಲ್ಲಿ ಜೊತೆಯಾಗಿ ಕೆಲಸ ಮಾಡಿದ ಇಬ್ಬರು ಕಲಾವಿದರ ಹೆಸರೂ ತೊಮ್ಮಾಸೊ, ಮೊಟಕುಗೊಳಿಸಿದರೆ ಮಾಸೊ. ಹಿರಿಯನನ್ನು ಜನ ಮುದ್ದಿನಿಂದ ‘ಮಸೊಲೀನೊ’ ಎಂದರು. 1401ರಲ್ಲಿ ಹುಟ್ಟಿದ ಕಿರಿಯನಿಗೆ ಚಿತ್ರ ಬಿಟ್ಟರೆ ಬಟ್ಟೆಬರೆಯ ಮೇಲಾಗಲಿ ಹಣದ ಮೇಲಾಗಲಿ ಗಮನವಿರಲಿಲ್ಲವಂತೆ. ಅದಕ್ಕಾಗಿ ಅವನನ್ನು ‘ಮಸಾಚ್ಚೊ’, ಎಂದರೆ ಒಡ್ಡೊಡ್ಡು ಮಾಸೊ, ಎಂದು ಕರೆದರು. ಅವನಲ್ಲಿ ಕೆಟ್ಟತನವೇನೂ ಇರಲಿಲ್ಲ ಎನ್ನುತ್ತಾನೆ ಕಲಾವಿದರ ಚರಿತ್ರೆ ಬರೆದ ವಸಾರಿ. 1428ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಆ ಮಸಾಚ್ಚೊ ಇಂದು ಐರೋಪ್ಯ ಚಿತ್ರಕಲೆಯ ಗತಿಯನ್ನೇ ಬದಲಿಸಿದವನೆಂದು ಖ್ಯಾತನಾಗಿದ್ದಾನೆ. ನಿಂದೆಯ ಬಾಲ ಹಾಗೆಯೇ ಉಳಿಯಿತು. ನಿಂದೆ ಮಾತ್ರ ಅಳಿದುಹೋಯಿತು.

ಪದ ಕಟ್ಟುವ ಹಕ್ಕು ಯಾರದು ಎಂಬ ಪ್ರಶ್ನೆ ಇಟಲಿಯಲ್ಲಿ ಒಮ್ಮೆ ರಾಜಕೀಯವೂ ಆಗಿತ್ತು. ಮುಸೊಲಿನಿಯ ಸರ್ಕಾರ ಪರಭಾಷೆಯ ಪದಗಳನ್ನು ಹೊರಹಾಕಲು ಹೊರಟು, 1940ರಲ್ಲಿ ಅಂಗಡಿಯ ಫಲಕಗಳಲ್ಲಿ, ಜಾಹೀರಾತುಗಳಲ್ಲಿ ಅವನ್ನು ಬಳಸಬಾರದೆಂದು ಕಾನೂನನ್ನೇ ಮಾಡಿತು. ಕಾಕ್‌ಟೇಲ್‌ಗೆ ಬದಲಾಗಿ ‘ಬಹುವರ್ಣದ ವಿದೂಷಕ ಪಾನೀಯ’ ಎಂಬರ್ಥದ ಉದ್ದನೆಯ ಹೆಸರು ಹುಟ್ಟಿತು. ಅದು ಜನರ ಬಾಯಿಗೆ ಬರಲೇ ಇಲ್ಲ. ಇಟಲಿಯವರು ಇಂದಿಗೂ ಕಾಕ್‌ಟೇಲ್ ಎಂದೇ ಹೇಳುತ್ತಾರೆ. ಆದರೆ 1930ರ ದಶಕದ ಆರಂಭದಲ್ಲಿ ಭಾಷಾವಿದ್ವಾಂಸ ಬ್ರೂನೊ ಮಿಲ್ಯೊರೀನಿ ಸೂಚಿಸಿದ ಎರಡು ಪದಗಳು, ನಾಟಕ ಸಿನಿಮಾಗಳ ನಿರ್ದೇಶಕನಿಗೆ ‘ರೆಜಿಸ್ತ’, ವಾಹನದ ಚಾಲಕನಿಗೆ ‘ಔತಿಸ್ತ’, ಇಂದಿಗೂ ದಿನಬಳಕೆಯಲ್ಲಿವೆ. ‘ಜೊರ್ನಲಿಸ್ತ’ದಲ್ಲಿ ಜನ ಮೊದಲೇ ಬಲ್ಲ ಬಾಲವನ್ನು ಅವರು ಹೊಸ ಪದಕ್ಕೆ ಜೋಡಿಸಿದ್ದರು, ಅಷ್ಟೆ. ಇದೇ ಮಿಲ್ಯೊರೀನಿ ಮುಂದೆ ಕ್ರೂಸ್ಕ ಅಕಾಡೆಮಿಯ ಅಧ್ಯಕ್ಷರಾದರು.

ಆ ಅಕಾಡೆಮಿ ಕೊಪ್ಪಾರೊದ ಬಾಲಕನಿಗೆ ಕೊಟ್ಟ ಉತ್ತರದ ಹಿಂದೆ ಈ ಅನುಭವವೆಲ್ಲ ಇದೆ. ಉತ್ತರ ಸುದ್ದಿಯಾದ ಕೂಡಲೇ ದೇಶವೆಲ್ಲ ‘ಪೆತಲೋಸೊ’ ಎನ್ನತೊಡಗಿತು; ಆಗಿನ ಪ್ರಧಾನಿ ಮತ್ತೇಯೊ ರೆಂತ್ಸಿ ಬಾಲಕನನ್ನು ಅಭಿನಂದಿಸಿದರು. ಮಗುವಿನ ತಪ್ಪನ್ನು ಇಷ್ಟು ಮೆರೆಸಬೇಕೆ ಎಂದು ಸಿಡುಕಿದವರೂ ಇದ್ದರು. ನಾವು ಪದವನ್ನು ನಿಘಂಟಿಗೆ ಸೇರಿಸಿಲ್ಲ, ಸರಿಯಾಗಿ ಕಟ್ಟಿದೆ ಎಂದಷ್ಟೇ ಹೇಳಿದ್ದೇವೆ ಎಂದು ಅಕಾಡೆಮಿ ಸ್ಪಷ್ಟಪಡಿಸಬೇಕಾಯಿತು. ಪ್ರಭುತ್ವದ ಆಜ್ಞೆಯಿಂದ ಪದ ಬದುಕುವುದಿಲ್ಲ, ಪಂಡಿತರ ಸಮ್ಮತಿಯಿಂದಲೂ ಬದುಕುವುದಿಲ್ಲ. ಕ್ರೂಸ್ಕದವರ ಜರಡಿ ಹೊಟ್ಟನ್ನು ಬೇರ್ಪಡಿಸೀತು. ರೊಟ್ಟಿ ಮಾಡಿ ಉಣ್ಣುವವರು ಬೇರೆಯೇ ಇದ್ದಾರೆ. ಆ ಬಾಲಕನ ಪದ ಉಳಿಯಬೇಕಾದರೆ, ಎಸಳು ತುಂಬಿದ ಹೂವನ್ನು ಕಂಡ ಯಾರೋ ಒಬ್ಬರಿಗೆ, ಸುದ್ದಿಯೆಲ್ಲ ಮರೆತಮೇಲೂ, ಆ ಪದ ತಾನಾಗಿ ಬಾಯಿಗೆ ಬರಬೇಕು.